ಮೊದಲು ಗುರುತು, ಆಮೇಲೆ ಡ್ರೈವರ್: ಮೂರು ಉಚಿತ ತಂತ್ರಾಂಶಗಳ ವಿಮರ್ಶೆ

ನಾನು ನೋಡಿಕೊಳ್ಳುವ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಆಂಡ್ರಾಯ್ಡ್ ಆ್ಯಪ್ ಬರೆಯುವ ತರಗತಿ ಶುರುವಾದಾಗಲೆಲ್ಲ ಮೊದಲ ಎರಡು ದಿನ ಪಾಠ ಮುಂದಕ್ಕೆ ಹೋಗುವುದಿಲ್ಲ. ವಿದ್ಯಾರ್ಥಿಗಳು ತಮ್ಮ ತಮ್ಮ ಫೋನನ್ನೂ ಕೇಬಲ್ಲನ್ನೂ ತಂದು ವಿಂಡೋಸ್ ಕಂಪ್ಯೂಟರಿಗೆ ಜೋಡಿಸುತ್ತಾರೆ, ಫೋನು ಚಾರ್ಜ್ ಆಗುತ್ತದೆ, ಆದರೆ ಆಂಡ್ರಾಯ್ಡ್ ಸ್ಟುಡಿಯೋದ ಪಟ್ಟಿಯಲ್ಲಿ ಅದರ ಹೆಸರು ಕಾಣುವುದಿಲ್ಲ. 'ಸರ್, ಡ್ರೈವರ್ ಇಲ್ಲ ಅನ್ಸುತ್ತೆ' (ಸಾಧನದೊಡನೆ ಮಾತಾಡಲು ವಿಂಡೋಸ್‌ಗೆ ಬೇಕಾದ ತಂತ್ರಾಂಶವೇ ಡ್ರೈವರ್) ಎಂಬ ಮಾತು ಒಂದು ಮೂಲೆಯಿಂದ ಬಂದರೆ ಸಾಕು, ಉಳಿದವರೆಲ್ಲ ಅದನ್ನೇ ತೀರ್ಮಾನವೆಂದು ಭಾವಿಸಿ, ಸಿಕ್ಕ ಸಿಕ್ಕ ತಾಣದಿಂದ ಡ್ರೈವರ್ ಇಳಿಸಿಕೊಳ್ಳಲು ತೊಡಗುತ್ತಾರೆ. ಈ ಗೊಂದಲವನ್ನು ನಿವಾರಿಸಲು ನಾನು ಮೂರು ಉಚಿತ ತಂತ್ರಾಂಶಗಳನ್ನು ನೆಚ್ಚಿಕೊಂಡಿದ್ದೇನೆ: ಸಾಧನವನ್ನು ಗುರುತಿಸಲು ನಿರ್‌ಸಾಫ್ಟ್‌ನ ಯುಎಸ್‌ಬಿಡಿವ್ಯೂ, ಸಹಿಯುಳ್ಳ ಡ್ರೈವರಿಗಾಗಿ ಗೂಗಲ್ ಯುಎಸ್‌ಬಿ ಡ್ರೈವರ್, ಬೇರೆ ಬಗೆಯ ಡ್ರೈವರ್ ಕೇಳುವ ಕೆಲವೇ ತಂತ್ರಾಂಶಗಳಿಗಾಗಿ ಝಾಡಿಗ್. ಇವುಗಳಲ್ಲಿ ಮೊದಲನೆಯದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಅದು ಒಂದೇ ಒಂದು ಡ್ರೈವರನ್ನೂ ಅಳವಡಿಸದಿದ್ದರೂ, ಅಳವಡಿಸುವ ಅಗತ್ಯವೇ ಇಲ್ಲವೆಂದು ಅರ್ಧದಷ್ಟು ಪ್ರಕರಣಗಳಲ್ಲಿ ತೋರಿಸಿಕೊಡುವುದು ಅದೇ.

ತಂತ್ರಾಂಶದ ಮಾತಿಗೆ ಮೊದಲು ಕೇಬಲ್ಲಿನ ಮಾತನ್ನು ಮುಗಿಸಿಬಿಡುವುದು ಒಳ್ಳೆಯದು. ಅಗ್ಗದ ಕೇಬಲ್ಲುಗಳಲ್ಲಿ ಹಲವಕ್ಕೆ ವಿದ್ಯುತ್ತಿನ ಎರಡು ತಂತಿಗಳಷ್ಟೇ ಇದ್ದು, ಮಾಹಿತಿ ಸಾಗಿಸುವ ಎರಡು ತಂತಿಗಳು ಇರುವುದೇ ಇಲ್ಲ. ಅಂಥ ಕೇಬಲ್ಲಿನಲ್ಲಿ ಫೋನು ಚಾರ್ಜ್ ಆಗುತ್ತದೆ, ಆದರೆ ಅಲ್ಲೊಂದು ಫೋನು ಇದೆಯೆಂಬುದೇ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಯುಎಸ್‌ಬಿಡಿವ್ಯೂ ತೆರೆದಿಟ್ಟುಕೊಂಡು ಕೇಬಲ್ ಜೋಡಿಸಿದಾಗ ಪಟ್ಟಿಯಲ್ಲಿ ಹೊಸದಾಗಿ ಒಂದು ಸಾಲೂ ಮೂಡದಿದ್ದರೆ, ಯಾವುದೇ ಸಾಲಿನ ಚುಕ್ಕಿ ಹಸಿರಾಗದಿದ್ದರೆ, ಡ್ರೈವರಿನ ಯೋಚನೆಯನ್ನು ಬಿಟ್ಟು ಕೇಬಲ್ ಬದಲಾಯಿಸಬೇಕು. ನಮ್ಮ ಲ್ಯಾಬಿನ ಮೇಜಿನ ಖಾನೆಯಲ್ಲಿ ಈಗ ಪರೀಕ್ಷಿಸಿಟ್ಟ ನಾಲ್ಕು ಕೇಬಲ್ಲುಗಳಿವೆ. ಅವು ಮಾಡಿಕೊಟ್ಟಷ್ಟು ಉಪಕಾರವನ್ನು ಯಾವ ಡ್ರೈವರೂ ಮಾಡಿಲ್ಲ.

ಯುಎಸ್‌ಬಿ ಸಾಧನವೊಂದು ಜೋಡಣೆಯಾದೊಡನೆ ಕಂಪ್ಯೂಟರ್ ಅದರಿಂದ 18 ಬೈಟ್‌ಗಳ ಒಂದು ಪರಿಚಯಪತ್ರವನ್ನು ಕೇಳಿ ಪಡೆಯುತ್ತದೆ. ಅದರಲ್ಲಿ ತಯಾರಕರ ಸಂಖ್ಯೆ ಮತ್ತು ಉತ್ಪನ್ನದ ಸಂಖ್ಯೆ ಎಂಬ ಎರಡು ಸಂಖ್ಯೆಗಳಿರುತ್ತವೆ. ಎರಡೂ ನಾಲ್ಕು ನಾಲ್ಕು ಹೆಕ್ಸ್ ಅಂಕಿಗಳಷ್ಟು (0ಯಿಂದ 9, ಎಯಿಂದ ಎಫ್) ಉದ್ದ. ತಯಾರಕರ ಸಂಖ್ಯೆಯನ್ನು ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಮ್ ಎಂಬ ಸಂಸ್ಥೆ ಹಂಚುತ್ತದೆ, ಉತ್ಪನ್ನದ ಸಂಖ್ಯೆಯನ್ನು ತಯಾರಕರೇ ಇಟ್ಟುಕೊಳ್ಳುತ್ತಾರೆ. ಗೂಗಲ್‌ನದು 18ಡಿ1, ಸ್ಯಾಮ್‌ಸಂಗ್‌ನದು 04ಇ8, ಶಿಯೋಮಿಯದು 2717, ಮೀಡಿಯಾಟೆಕ್‌ನದು 0ಇ8ಡಿ, ಕ್ವಾಲ್‌ಕಾಮ್‌ನದು 05ಸಿ6. ವಿಂಡೋಸ್ ಡ್ರೈವರನ್ನು ಹುಡುಕುವುದು ಈ ಸಂಖ್ಯೆಗಳ ಆಧಾರದಿಂದಲೇ ಹೊರತು, ಫೋನಿನ ಡಬ್ಬಿಯ ಮೇಲೆ ಅಚ್ಚಾದ ಹೆಸರಿನಿಂದಲ್ಲ. ಇಂಥ ಮಾದರಿಗೆ ಡ್ರೈವರ್ ಬೇಕು ಎಂದು ಹೆಸರು ಹಿಡಿದು ಹುಡುಕುವವರು ಎಡವುವುದು ಇಲ್ಲಿಯೇ.

ಒಂದೇ ಫೋನಿಗೆ ಒಂದೇ ಸಂಖ್ಯೆ ಎಂಬ ಭಾವನೆಯೂ ತಪ್ಪು. ಗೂಗಲ್‌ನ ಫೋನು ಬರಿಯ ಕಡತ ವರ್ಗಾವಣೆಯ ಸ್ಥಿತಿಯಲ್ಲಿದ್ದಾಗ ಉತ್ಪನ್ನದ ಸಂಖ್ಯೆ 4ಇಇ1 ಎಂದೂ, ಅದರೊಡನೆ ಯುಎಸ್‌ಬಿ ಡಿಬಗ್ಗಿಂಗ್ (ಕಂಪ್ಯೂಟರಿನಿಂದ ಆ್ಯಪ್ ಹಾಕಿ ಪರೀಕ್ಷಿಸಲು ಬಿಡುವ ಸೌಲಭ್ಯ) ಚಾಲೂ ಮಾಡಿದಾಗ 4ಇಇ2 ಎಂದೂ, ಬೂಟ್‌ಲೋಡರಿನಲ್ಲಿ (ಆಂಡ್ರಾಯ್ಡ್ ಅನ್ನು ಶುರುಮಾಡುವ ತಂತ್ರಾಂಶದಲ್ಲಿ) ನಿಂತಾಗ 4ಇಇ0 ಎಂದೂ ಕಾಣಿಸಿಕೊಳ್ಳುತ್ತದೆ. ಅಂದರೆ ವಿಂಡೋಸ್ ಕಣ್ಣಿಗೆ ಅವು ಮೂರು ಬೇರೆ ಬೇರೆ ಸಾಧನಗಳು. ಒಂದಕ್ಕೆ ಡ್ರೈವರ್ ಇದ್ದು ಇನ್ನೊಂದಕ್ಕೆ ಇಲ್ಲದಿರುವುದು ತೀರ ಸಹಜ. ನಿನ್ನೆ ಕೆಲಸ ಮಾಡಿದ ಫೋನು ಇವತ್ತು ಫಾಸ್ಟ್‌ಬೂಟ್‌ನಲ್ಲಿ, ಅಂದರೆ ಬೂಟ್‌ಲೋಡರಿನ ಸ್ಥಿತಿಯಲ್ಲಿ, ಕಾಣುತ್ತಿಲ್ಲವೆಂದು ದೂರುವ ವಿದ್ಯಾರ್ಥಿಗೆ ಪರದೆಯ ಮೇಲೆ ಈ ಸಂಖ್ಯೆ ಬದಲಾಗುವುದನ್ನು ತೋರಿಸಿದರೆ, ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ.

ಯುಎಸ್‌ಬಿಡಿವ್ಯೂ ತೋರಿಸುವುದು ಇದನ್ನೇ. ನಿರ್ ಸೋಫರ್ ಎಂಬವರು ಬರೆದ ಈ ಪುಟ್ಟ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪೆನ್‌ಡ್ರೈವಿನಿಂದಲೇ ನಡೆಯುತ್ತದೆ. ಸದ್ಯ ಜೋಡಣೆಯಾಗಿರುವ ಸಾಧನಗಳನ್ನಷ್ಟೇ ಅಲ್ಲದೆ, ಆ ಕಂಪ್ಯೂಟರಿಗೆ ಹಿಂದೆ ಜೋಡಣೆಯಾಗಿದ್ದ ಯುಎಸ್‌ಬಿ ಸಾಧನಗಳನ್ನೂ ವಿಂಡೋಸ್‌ನ ದಾಖಲೆಗಳ ಕಣಜವಾದ ರಿಜಿಸ್ಟ್ರಿಯಿಂದ ಹೆಕ್ಕಿ ಪಟ್ಟಿ ಮಾಡುತ್ತದೆ. ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ, ಸೀರಿಯಲ್ ಸಂಖ್ಯೆ, ಸಾಧನದ ವರ್ಗ, ಅದಕ್ಕೆ ಅಂಟಿಕೊಂಡಿರುವ ಡ್ರೈವರ್ ಕಡತದ ಹೆಸರು, ಅದರ ಆವೃತ್ತಿ, ಇವೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ಲಿನಕ್ಸ್ ಬಳಕೆದಾರರ ಸಮುದಾಯ ಸಾಕಿ ಬೆಳೆಸಿದ ಯುಎಸ್‌ಬಿ ಸಂಖ್ಯೆಗಳ ಪಟ್ಟಿಯ ಕಡತವನ್ನು ಅದೇ ಫೋಲ್ಡರಿನಲ್ಲಿ ಇಟ್ಟರೆ, ಬರಿಯ ಸಂಖ್ಯೆಯ ಬದಲು ತಯಾರಕರ ಹೆಸರನ್ನೂ ತೋರಿಸುತ್ತದೆ. ಇದೇ ಮಾಹಿತಿಯ ಬಹುಭಾಗ ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿಯೂ ಇದೆ, ಆದರೆ ಅಲ್ಲಿ ಒಂದೊಂದು ಸಾಧನದ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಪುಟಕ್ಕೆ ಹೋಗಿ, ಹಾರ್ಡ್‌ವೇರ್ ಐಡಿ ಎಂಬುದನ್ನು ಆರಿಸಿ ನೋಡಬೇಕು. ಒಂದು ಫೋನಿಗಾದರೆ ಸರಿ, ಇಪ್ಪತ್ತು ಫೋನುಗಳಿಗಾದರೆ ತಾಳ್ಮೆ ಕೆಡುತ್ತದೆ.

ಇದರ ಕೊರತೆಗಳೂ ಇವೆ. ಒಂದೇ ಫೋನು ಹಲವು ಇಂಟರ್‌ಫೇಸ್‌ಗಳಾಗಿ (ಕಡತ ವರ್ಗಾವಣೆಗೊಂದು, ಡಿಬಗ್ಗಿಂಗಿಗೊಂದು, ಹೀಗೆ) ಒಡೆದು ಎರಡು ಮೂರು ಸಾಲುಗಳಲ್ಲಿ ಕಾಣುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ, ಅಕ್ಷರಗಳು ಚಿಕ್ಕವು, ಕಂಬಸಾಲುಗಳು ಅಗತ್ಯಕ್ಕಿಂತ ಹೆಚ್ಚು. ಪಟ್ಟಿಯಲ್ಲಿರುವ ಯಾವ ಸಾಧನವನ್ನಾದರೂ ಬಲಗುಂಡಿ ಒತ್ತಿ ತೆಗೆದುಹಾಕುವ ಸೌಲಭ್ಯವೂ ಇದರಲ್ಲಿ ಇರುವುದರಿಂದ, ನೋಡಲು ಮಾತ್ರ ಬಂದ ಕೈಗೆ ಅದು ಸಿಗದಿರುವುದು ಕ್ಷೇಮ. ದೋಷದ ಸಂಕೇತಗಳ ವಿಷಯದಲ್ಲಿ ಮಾತ್ರ ಡಿವೈಸ್ ಮ್ಯಾನೇಜರೇ ಮೇಲು. ಕೋಡ್ 28 ಎಂದರೆ ಡ್ರೈವರ್ ಅಳವಡಿಕೆಯಾಗಿಲ್ಲ ಎಂದರ್ಥ, ಅಲ್ಲಿ ಮುಂದಿನ ದಾರಿ ಸ್ಪಷ್ಟ. ಕೋಡ್ 43 ಬಂದು, ಪರಿಚಯಪತ್ರವನ್ನು ಕೇಳಿದರೂ ಸಿಗಲಿಲ್ಲವೆಂದು ವಿಂಡೋಸ್ ಹೇಳಿ, ತಯಾರಕರ ಸಂಖ್ಯೆಯ ಜಾಗದಲ್ಲಿ ನಾಲ್ಕು ಸೊನ್ನೆಗಳನ್ನು ತೋರಿಸಿದರೆ, ದೋಷ ಬಹುಮಟ್ಟಿಗೆ ಕೇಬಲ್ಲಿನದು, ಪೋರ್ಟಿನದು, ಇಲ್ಲವೇ ಫೋನಿನ ಚಾರ್ಜಿಂಗ್ ಕಿಂಡಿಯಲ್ಲಿ ಕೂತ ಧೂಳಿನದು. ತನ್ನ ಹೆಸರನ್ನೇ ಹೇಳದ ಸಾಧನಕ್ಕೆ ಹೊಂದುವ ಡ್ರೈವರ್ ಎಲ್ಲಿಂದ ತರುವುದು?

ಕಳೆದ ವರ್ಷ ಒಬ್ಬ ವಿದ್ಯಾರ್ಥಿ ಪೂರ್ತಿ ಕಪ್ಪಾದ ಪರದೆಯ ಫೋನೊಂದನ್ನು ತಂದು, ಡ್ರೈವರ್ ಹಾಕಿದರೆ ಸರಿಹೋಗಬಹುದೇ ಎಂದು ಕೇಳಿದ. ಜೋಡಿಸಿದಾಗ ಪಟ್ಟಿಯಲ್ಲಿ ಮೂಡಿದ್ದು ಫೋನಿನ ಬ್ರಾಂಡಿನ ಸಂಖ್ಯೆಯಲ್ಲ, 05ಸಿ6 ಮತ್ತು 9008. ಅದು ಕ್ವಾಲ್‌ಕಾಮ್ ಚಿಪ್ಪಿನ ತುರ್ತು ಡೌನ್‌ಲೋಡ್ ಸ್ಥಿತಿಯ ಗುರುತು; ಫೋನಿನ ಬೂಟ್‌ಲೋಡರ್ ತೆರೆದುಕೊಳ್ಳಲಾಗದೆ, ಚಿಪ್ಪಿನೊಳಗಿನ ಮೂಲ ಸಂಕೇತವೊಂದೇ ಎಚ್ಚರವಾಗಿದೆ ಎಂದು ಸಾಮಾನ್ಯವಾಗಿ ಅದರರ್ಥ. ಫೋನು ಸಂಪೂರ್ಣ ಸತ್ತಿಲ್ಲವೆಂಬ ಸಮಾಧಾನವೂ, ಇದು ನಮ್ಮ ಲ್ಯಾಬಿನಲ್ಲಿ ಆಗುವ ಕೆಲಸವಲ್ಲವೆಂಬ ತಿಳಿವಳಿಕೆಯೂ ಆ ಎಂಟು ಅಂಕಿಗಳಿಂದಲೇ ಸಿಕ್ಕಿತು. ಅವನನ್ನು ಸರ್ವಿಸ್ ಸೆಂಟರಿಗೆ ಕಳುಹಿಸಿದೆ.

ಇನ್ನು ಗೂಗಲ್ ಯುಎಸ್‌ಬಿ ಡ್ರೈವರ್. ಆಂಡ್ರಾಯ್ಡ್ ಅಭಿವೃದ್ಧಿಕಾರರ ಅಧಿಕೃತ ತಾಣದಲ್ಲಿ ಹತ್ತು ಎಂಬಿಗಿಂತ ಚಿಕ್ಕದಾದ ಜಿಪ್ ಕಡತವಾಗಿ ಸಿಗುತ್ತದೆ. ಆಂಡ್ರಾಯ್ಡ್ ಸ್ಟುಡಿಯೋದ ಎಸ್‌ಡಿಕೆ ಮ್ಯಾನೇಜರಿನಿಂದಲೂ ಇಳಿಸಿಕೊಳ್ಳಬಹುದು. ನಾನು ಬಳಸುತ್ತಿರುವುದು 13ನೆಯ ಪರಿಷ್ಕರಣೆ. ಇದರಲ್ಲಿ ತಾನಾಗಿ ನಡೆಯುವ ಇನ್‌ಸ್ಟಾಲರ್ ಇಲ್ಲ. ಜಿಪ್ ಬಿಚ್ಚಿ, ಒಳಗಿನ ಐಎನ್‌ಎಫ್ ಕಡತವನ್ನು ಡಿವೈಸ್ ಮ್ಯಾನೇಜರಿಗೆ ತೋರಿಸಬೇಕು, ಇಲ್ಲವೇ ನಿರ್ವಾಹಕರ ಅಧಿಕಾರದ ಕಮಾಂಡ್ ಕಿಟಕಿಯಲ್ಲಿ ವಿಂಡೋಸ್‌ನದೇ ಆದ ಪಿಎನ್‌ಪಿಯುಟಿಲ್ ಆಜ್ಞೆಯಿಂದ ಡ್ರೈವರ್ ಭಂಡಾರಕ್ಕೆ ಸೇರಿಸಬೇಕು. ಲ್ಯಾಬಿನ ಎಲ್ಲ ಕಂಪ್ಯೂಟರುಗಳಿಗೂ ಒಂದು ಸಾಲಿನ ಬ್ಯಾಚ್ ಕಡತದಿಂದ ಇದನ್ನು ಹಾಕಿ ಮುಗಿಸಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಅನಗತ್ಯ ಐಕಾನುಗಳಿಲ್ಲ, ಹಿನ್ನೆಲೆಯಲ್ಲಿ ಓಡುವ ಸೇವೆಗಳಿಲ್ಲ, ಜಾಹೀರಾತಿಲ್ಲ. ಮೊಬೈಲ್ ಕಂಪನಿಗಳು ಡ್ರೈವರಿನ ಜೊತೆಗೆ ಹಾಡು, ಚಿತ್ರ, ಬ್ಯಾಕಪ್ ಎಲ್ಲವನ್ನೂ ಗಂಟು ಕಟ್ಟಿ ಕೊಡುತ್ತಿದ್ದ ದಿನಗಳನ್ನು ಕಂಡವರಿಗೆ ಈ ಸರಳತೆಯ ಬೆಲೆ ಗೊತ್ತು.

ಒಳಗೆ ಇಣುಕಿದರೆ ಈ ಡ್ರೈವರ್ ಸ್ವತಃ ಹೆಚ್ಚೇನೂ ಕೆಲಸ ಮಾಡುವುದಿಲ್ಲ ಎಂಬುದು ತಿಳಿಯುತ್ತದೆ. ನಿಜವಾದ ಸಂವಹನವನ್ನು ನಡೆಸುವುದು ಮೈಕ್ರೋಸಾಫ್ಟ್‌ನ ವಿನ್‌ಯುಎಸ್‌ಬಿ ಎಂಬ ಸಾರ್ವತ್ರಿಕ ಡ್ರೈವರ್. ಇಂತಿಂಥ ಸಂಖ್ಯೆಯ ಸಾಧನ ಬಂದರೆ ವಿನ್‌ಯುಎಸ್‌ಬಿಯನ್ನು ಜೋಡಿಸು, ಎಡಿಬಿ (ಡಿಬಗ್ಗಿಂಗಿಗಾಗಿ ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕಳುಹಿಸುವ) ತಂತ್ರಾಂಶ ಅದನ್ನು ಕಂಡುಕೊಳ್ಳಲು ಇಂಥದೊಂದು ಗುರುತನ್ನು ನೋಂದಾಯಿಸು ಎಂದು ಹೇಳುವ ಪಟ್ಟಿಯಷ್ಟೇ ಐಎನ್‌ಎಫ್ ಕಡತದಲ್ಲಿದೆ. ಆ ಪಟ್ಟಿ ಗೂಗಲ್‌ನ ಸಾಧನಗಳಿಗೆಂದೇ ಬರೆದದ್ದು. ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಗೂಗಲ್‌ನ ಫೋನು ಇರುವುದು ಅಪರೂಪ. ಹೆಚ್ಚಿನವು ಬೇರೆ ಕಂಪನಿಗಳವು, ಅವುಗಳಿಗೆ ಆಯಾ ತಯಾರಕರ ಡ್ರೈವರ್ ಬೇಕೆಂದು ಗೂಗಲ್ ತಾನೇ ಹೇಳಿ ಕೈತೊಳೆದುಕೊಳ್ಳುತ್ತದೆ. ಇತ್ತೀಚಿನ ಹಲವು ಫೋನುಗಳು ತಮಗೆ ವಿನ್‌ಯುಎಸ್‌ಬಿ ಸಾಕೆಂದು ಪರಿಚಯಪತ್ರದ ಜೊತೆಯಲ್ಲೇ ವಿಂಡೋಸ್‌ಗೆ ತಿಳಿಸುತ್ತವೆ. ವಿಂಡೋಸ್ 8ರಿಂದೀಚೆಗೆ ಈ ಮಾತನ್ನು ಕೇಳಿಸಿಕೊಳ್ಳುವ ವ್ಯವಸ್ಥೆ ಇರುವುದರಿಂದ, ಅಂಥ ಫೋನುಗಳಿಗೆ ಯಾವ ಡ್ರೈವರನ್ನೂ ಇಳಿಸಬೇಕಾಗಿಲ್ಲ. ತೊಂದರೆ ಇರುವುದು ನಡುವಿನ ಗುಂಪಿಗೆ, ಅಂದರೆ ತಾವಾಗಿ ಹೇಳದ, ಗೂಗಲ್‌ನ ಪಟ್ಟಿಯಲ್ಲೂ ಇಲ್ಲದ ಫೋನುಗಳಿಗೆ.

ಈ ಗುಂಪಿನವರಿಗೆ ವಿಡಿಯೋಗಳಲ್ಲಿ ಸಿಗುವ ಸಲಹೆ ಒಂದೇ: ಐಎನ್‌ಎಫ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನಿಮ್ಮ ಫೋನಿನ ಸಂಖ್ಯೆಯನ್ನು ಸೇರಿಸಿ. ಸಹಿ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಈ ಸಲಹೆ ಏಕೆ ಮುರಿದುಬೀಳುತ್ತದೆ ಎಂಬುದೂ ತಿಳಿಯುತ್ತದೆ. ಡ್ರೈವರಿನ ಜೊತೆಗಿರುವ ಕ್ಯಾಟಲಾಗ್ ಕಡತದಲ್ಲಿ ಆ ಕಟ್ಟಿನ ಪ್ರತಿ ಕಡತದ ಹ್ಯಾಶ್ (ಒಳಗಿನ ಬರಹದಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಬರೆದಿರುತ್ತದೆ, ಡಿಜಿಟಲ್ ಸಹಿ ಬೀಳುವುದು ಆ ಕ್ಯಾಟಲಾಗಿನ ಮೇಲೆ. ಐಎನ್‌ಎಫ್‌ನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಹ್ಯಾಶ್ ತಾಳೆಯಾಗುವುದಿಲ್ಲ. ಕಡತ ಕೆಟ್ಟಿರಬಹುದು ಅಥವಾ ಯಾರೋ ತಿದ್ದಿರಬಹುದು ಎಂದು ವಿಂಡೋಸ್ ಎಚ್ಚರಿಸಿ ಅಳವಡಿಕೆಯನ್ನು ನಿರಾಕರಿಸುತ್ತದೆ. ಲಕೋಟೆಯ ಅರಗಿನ ಮುದ್ರೆ ಒಡೆದು ಒಳಗಿನ ಕಾಗದಕ್ಕೆ ಒಂದು ಸಾಲು ಸೇರಿಸಿ, ಮುದ್ರೆ ಇನ್ನೂ ಹಾಗೇ ಇದೆಯೆಂದು ವಾದಿಸಿದರೆ ಯಾರು ಒಪ್ಪುತ್ತಾರೆ? ಆಗ ಅದೇ ವಿಡಿಯೋಗಳು ಎರಡನೆಯ ಸಲಹೆಯನ್ನು ಹೊರತೆಗೆಯುತ್ತವೆ: ಕಂಪ್ಯೂಟರನ್ನು ಮರುಪ್ರಾರಂಭಿಸಿ, ಸಹಿಯ ಪರಿಶೀಲನೆಯನ್ನೇ ನಿಲ್ಲಿಸಿಬಿಡಿ. ಈ ಸಲಹೆಯನ್ನು ನಾನು ಲ್ಯಾಬಿನಲ್ಲಿ ನಿಷೇಧಿಸಿದ್ದೇನೆ.

ಹಿಂದೊಮ್ಮೆ, ಹೆಸರು ಹೇಳಲು ಬಯಸದ ಒಂದು ತಾಣದಿಂದ ಎಲ್ಲ ಫೋನುಗಳಿಗೂ ಆಗುವ ಡ್ರೈವರ್ ಎಂಬ ಹೆಸರಿನ ಕಟ್ಟನ್ನು ಒಬ್ಬರು ಇಳಿಸಿ, ಅದು ಕೇಳಿಕೊಂಡಂತೆ ಪರಿಶೀಲನೆಯನ್ನು ನಿಲ್ಲಿಸಿದ್ದರು. ಫೋನು ಕಾಣಿಸಲಿಲ್ಲ, ಬದಲಿಗೆ ಬ್ರೌಸರಿನ ಮುಖಪುಟ ಬದಲಾಯಿತು, ಕಂಪ್ಯೂಟರಿನಲ್ಲಿ ಹತ್ತಾರು ಡ್ರೈವರ್ ದೋಷಗಳಿವೆ, ಸರಿಪಡಿಸಲು ಹಣ ಕಟ್ಟಿ ಎಂಬ ಕಿಟಕಿ ದಿನಕ್ಕೆ ನಾಲ್ಕು ಸಲ ಏಳತೊಡಗಿತು. ಕೊನೆಗೆ ಆ ಕಂಪ್ಯೂಟರಿಗೆ ವಿಂಡೋಸ್ ಅನ್ನೇ ಹೊಸದಾಗಿ ಹಾಕಬೇಕಾಯಿತು. ಆ ಫೋನಿಗೆ ಬೇಕಿದ್ದದ್ದು ಡ್ರೈವರೂ ಅಲ್ಲ. ಡಿಬಗ್ಗಿಂಗಿಗೆ ಅನುಮತಿ ಕೇಳುವ ಸಂದೇಶ ಫೋನಿನ ಪರದೆಯ ಮೇಲೆ ಕಾದು ಕೂತಿತ್ತು, ಅದನ್ನು ಯಾರೂ ಒಪ್ಪಿರಲಿಲ್ಲ.

ತಿದ್ದದೆಯೂ ಕೆಲಸವಾಗುವ ದಾರಿ ಇದೆ, ಅದೇ ಗೂಗಲ್ ಡ್ರೈವರಿನ ನಿಜವಾದ ಉಪಯುಕ್ತತೆ ಎಂದು ನನ್ನ ಅನಿಸಿಕೆ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಇರುವ ಇಂಟರ್‌ಫೇಸನ್ನು ಆರಿಸಿ, ಡ್ರೈವರನ್ನು ತಾನೇ ಹುಡುಕಲು ಬಿಡದೆ, ಪಟ್ಟಿಯಿಂದ ಆರಿಸುತ್ತೇನೆ ಎಂದು ಹೇಳಿ, ಹ್ಯಾವ್ ಡಿಸ್ಕ್ ಗುಂಡಿಯಿಂದ ಮೂಲ ಐಎನ್‌ಎಫ್ ಕಡತವನ್ನೇ ತೋರಿಸಿದರೆ ಮೂರು ಆಯ್ಕೆಗಳು ಬರುತ್ತವೆ. ಅವುಗಳಲ್ಲಿ ಆಂಡ್ರಾಯ್ಡ್ ಎಡಿಬಿ ಇಂಟರ್‌ಫೇಸ್ ಎಂಬುದನ್ನು ಆರಿಸಬೇಕು. ಈ ಡ್ರೈವರ್ ನಿಮ್ಮ ಸಾಧನಕ್ಕೆ ಹೊಂದುವುದೆಂದು ಖಚಿತಪಡಿಸಲಾಗದು ಎಂದು ವಿಂಡೋಸ್ ಎಚ್ಚರಿಸುತ್ತದೆ. ಈ ಎಚ್ಚರಿಕೆ ಹೊಂದಾಣಿಕೆಯದು, ಸಹಿಯದಲ್ಲ. ಕಟ್ಟು ತಿದ್ದದೆ ಇರುವುದರಿಂದ ಮುದ್ರೆ ಹಾಗೇ ಉಳಿದಿದೆ. ಮುಂದುವರಿಯಲು ಒಪ್ಪಿದರೆ ಬೇರೆ ಕಂಪನಿಗಳ ಫೋನೂ ಎಡಿಬಿಗೆ ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ಹೀಗೆ ಜೋಡಿಸಿದ ಫೋನುಗಳು ಇಡೀ ಸೆಮಿಸ್ಟರ್ ತಕರಾರಿಲ್ಲದೆ ನಡೆದಿವೆ. ಆದರೆ ಗಮನಿಸಿ: ಇಂಟರ್‌ಫೇಸ್ ತಪ್ಪಾಗಿ ಆರಿಸಿ ಕಡತ ವರ್ಗಾವಣೆಗೆ ಮೀಸಲಾದ ಎಂಟಿಪಿಯ ಸಾಲಿಗೇ ಈ ಡ್ರೈವರ್ ತೊಡಿಸಿದರೆ, ಕಡತ ವರ್ಗಾವಣೆ ನಿಂತುಹೋಗುತ್ತದೆ. ಸಾಲು ಯಾವುದೆಂದು ಮೊದಲೇ ತಿಳಿದಿರಬೇಕು. ವರ್ಗ ಎಫ್‌ಎಫ್, ಉಪವರ್ಗ 42, ಪ್ರೊಟೊಕಾಲ್ 01 ಎಂದಿದ್ದರೆ ಅದು ಎಡಿಬಿಯದು, ಪ್ರೊಟೊಕಾಲ್ 03 ಆದರೆ ಫಾಸ್ಟ್‌ಬೂಟಿನದು. ಹೀಗೆ ಮತ್ತೆ ಗುರುತಿಸುವ ಕೆಲಸಕ್ಕೇ ಬಂದು ನಿಲ್ಲುತ್ತೇವೆ.

ಸಹಿಯ ಬಗ್ಗೆ ಇಷ್ಟು ಹಟ ಏಕೆ ಎಂದು ಕೇಳುವವರಿದ್ದಾರೆ. 64 ಬಿಟ್ ವಿಂಡೋಸ್ ವಿಸ್ಟಾದಿಂದಲೇ ಕರ್ನಲ್ (ವಿಂಡೋಸ್‌ನ ಒಳತಿರುಳು) ಡ್ರೈವರುಗಳಿಗೆ ಸಹಿ ಕಡ್ಡಾಯವಾಗಿತ್ತು. 2016ರ ವಿಂಡೋಸ್ 10ರ 1607ನೆಯ ಆವೃತ್ತಿಯಿಂದ ಹೊಸ ಕರ್ನಲ್ ಡ್ರೈವರುಗಳಿಗೆ ಮೈಕ್ರೋಸಾಫ್ಟ್‌ನ ಸಹಿಯೇ ಬೇಕೆಂಬ ನಿಯಮ ಬಂತು. ಕರ್ನಲ್‌ನಲ್ಲಿ ಓಡುವ ಸಂಕೇತಕ್ಕೆ ಕಂಪ್ಯೂಟರಿನ ಯಾವ ಮೂಲೆಯೂ ಮುಚ್ಚಿಲ್ಲದ ಕಾರಣ ಈ ಬಿಗಿ ಅಗತ್ಯ. ಹಾಗೆಂದು ಸಹಿಯನ್ನು ಪೂಜಿಸುವುದೂ ಸಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಹುಳುವಿನ ಡ್ರೈವರುಗಳು ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳಿಂದ ಕದ್ದ ಪ್ರಮಾಣಪತ್ರಗಳ ಸಹಿಯನ್ನು ಹೊತ್ತಿದ್ದವು. 2014ರಲ್ಲಿ ಎಫ್‌ಟಿಡಿಐ ಕಂಪನಿಯ, ವಿಂಡೋಸ್ ಅಪ್‌ಡೇಟ್ ಮೂಲಕವೇ ಬಂದ, ಸಹಿಯುಳ್ಳ ಡ್ರೈವರ್ ತನ್ನ ಚಿಪ್ಪುಗಳ ನಕಲುಗಳನ್ನು ಪತ್ತೆ ಹಚ್ಚಿ, ಅವುಗಳ ಉತ್ಪನ್ನ ಸಂಖ್ಯೆಯನ್ನು ಸೊನ್ನೆಯಾಗಿಸಿ, ಅವು ಕಂಪ್ಯೂಟರಿಗೆ ಗುರುತೇ ಸಿಗದಂತೆ ಮಾಡಿತ್ತು. ಕೊಂಡವರಿಗೆ ತಮ್ಮ ಚಿಪ್ಪು ನಕಲಿಯೆಂದು ಗೊತ್ತೂ ಇರಲಿಲ್ಲ. ಮುದ್ರೆ ಹೇಳುವುದು ಲಕೋಟೆಯನ್ನು ಮುಚ್ಚಿದವರು ಯಾರು, ನಡುವೆ ಯಾರಾದರೂ ತೆರೆದರೇ ಎಂಬುದನ್ನು ಮಾತ್ರ. ಒಳಗಿನ ಪತ್ರದ ಒಳ್ಳೆಯದು ಕೆಟ್ಟದ್ದಕ್ಕೆ ಅದು ಹೊಣೆಯಲ್ಲ. ಆದ್ದರಿಂದ ಡ್ರೈವರ್ ಹಾಕಿದ ಮೇಲೆ ಡಿವೈಸ್ ಮ್ಯಾನೇಜರಿನ ಡ್ರೈವರ್ ಪುಟದಲ್ಲಿ ಸಹಿ ಮಾಡಿದವರ ಹೆಸರನ್ನು ಒಮ್ಮೆ ಓದುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಆ ಜಾಗದಲ್ಲಿ ಅತಿ ವಿಚಿತ್ರವಾದ ಹೆಸರನ್ನು ತೋರಿಸುವುದು ಝಾಡಿಗ್. ಬೂಟ್ ಆಗುವ ಪೆನ್‌ಡ್ರೈವ್ ತಯಾರಿಸಲು ಬಳಸುವ ರೂಫಸ್ ತಂತ್ರಾಂಶದ ಕರ್ತೃ ಪೀಟ್ ಬಟಾರ್ ಅವರದೇ ಕೃತಿ ಇದು. ಮೂಲ ಸಂಕೇತ ಮುಕ್ತವಾಗಿದೆ. ಪಟ್ಟಿಯಿಂದ ಸಾಧನವನ್ನು ಆರಿಸಿದರೆ ಎಡಕ್ಕೆ ಈಗಿನ ಡ್ರೈವರ್, ಬಲಕ್ಕೆ ಬರಲಿರುವ ಡ್ರೈವರ್, ಕೆಳಗೆ ಸಾಧನದ ಸಂಖ್ಯೆಗಳು, ಒಂದು ದೊಡ್ಡ ಗುಂಡಿ, ಇಷ್ಟೇ. ವಿನ್‌ಯುಎಸ್‌ಬಿ, ಲಿಬ್‌ಯುಎಸ್‌ಬಿ-ವಿನ್32, ಲಿಬ್‌ಯುಎಸ್‌ಬಿಕೆ ಎಂಬ ಸಾರ್ವತ್ರಿಕ ಡ್ರೈವರುಗಳಲ್ಲಿ ಬೇಕಾದದ್ದನ್ನು ಯಾವ ಸಾಧನಕ್ಕಾದರೂ ತೊಡಿಸುತ್ತದೆ. ಐಎನ್‌ಎಫ್ ಅನ್ನು ಅಲ್ಲಿಯೇ ಬರೆದು, ಅದಕ್ಕೊಂದು ಪ್ರಮಾಣಪತ್ರವನ್ನು ನಿಮ್ಮ ಕಂಪ್ಯೂಟರಿನಲ್ಲಿಯೇ ಸೃಷ್ಟಿಸಿ, ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸಿ, ಸಹಿ ಮಾಡಿ, ಸಹಿಗೆ ಬಳಸಿದ ಖಾಸಗಿ ಕೀಲಿಯನ್ನು ಅಳಿಸಿಹಾಕುತ್ತದೆ. ಕೀಲಿ ಉಳಿಯದ ಕಾರಣ ಆ ಪ್ರಮಾಣಪತ್ರದಿಂದ ಇನ್ನೊಂದು ಡ್ರೈವರಿಗೆ ಸಹಿ ಹಾಕಲಾಗದು. ಜಾಣತನದ ವ್ಯವಸ್ಥೆ, ಒಪ್ಪುತ್ತೇನೆ. ಆದರೂ ನಮ್ಮ ನಂಬಿಕೆಯ ಪಟ್ಟಿಗೆ ಹೊಸ ಹೆಸರೊಂದು ಸೇರುತ್ತಿದೆ ಎಂಬುದನ್ನು ಬಳಸುವವರು ತಿಳಿದಿರಬೇಕು, ಅದನ್ನು ಝಾಡಿಗ್ ಕೂಗಿ ಹೇಳುವುದಿಲ್ಲ.

ಫೋನಿನ ಎಡಿಬಿ ಕೆಲಸಕ್ಕೆ ಝಾಡಿಗ್ ಸರಿಯಾದ ಆಯ್ಕೆಯಲ್ಲ. ಅದೂ ವಿನ್‌ಯುಎಸ್‌ಬಿಯನ್ನೇ ಹಾಕುತ್ತದಾದರೂ, ಎಡಿಬಿ ಹುಡುಕುವ ಇಂಟರ್‌ಫೇಸ್ ಗುರುತಿನ ಬದಲು ತಾನೇ ಹುಟ್ಟಿಸಿದ ಬೇರೊಂದು ಗುರುತನ್ನು ನೋಂದಾಯಿಸುವುದರಿಂದ, ಡಿವೈಸ್ ಮ್ಯಾನೇಜರಿನಲ್ಲಿ ಎಲ್ಲ ಸರಿಯಿದ್ದೂ ಎಡಿಬಿಯ ಪಟ್ಟಿ ಖಾಲಿಯಾಗಿ ಉಳಿಯಬಹುದು. ಇದನ್ನು ಅರಿಯಲು ನನಗೆ ಒಂದು ಸಂಜೆ ಹಿಡಿಯಿತು. ಸ್ಯಾಮ್‌ಸಂಗ್ ಫೋನುಗಳ ಡೌನ್‌ಲೋಡ್ ಸ್ಥಿತಿಯಲ್ಲಿ ಕೆಲಸ ಮಾಡುವ ಹೈಮ್‌ಡಾಲ್‌ನಂಥ, ಲಿಬ್‌ಯುಎಸ್‌ಬಿ ಆಧಾರದ ತಂತ್ರಾಂಶಗಳಿಗೆ ಮಾತ್ರ ಇದು ನಿಜಕ್ಕೂ ಬೇಕು.

ಈಗಾಗಲೇ ಡ್ರೈವರ್ ಇರುವ ಸಾಧನಗಳನ್ನು ಝಾಡಿಗ್ ಮೊದಲಿಗೆ ತೋರಿಸುವುದೇ ಇಲ್ಲ; ಇದು ಅದರ ವಿನ್ಯಾಸದ ಅತ್ಯುತ್ತಮ ನಿರ್ಧಾರ. ಎಲ್ಲ ಸಾಧನಗಳನ್ನೂ ತೋರಿಸು ಎಂಬ ಆಯ್ಕೆಯನ್ನು ಒತ್ತಿದೊಡನೆ ಕೀಲಿಮಣೆ, ಮೌಸ್, ವೆಬ್‌ಕ್ಯಾಮ್ ಎಲ್ಲವೂ ಪಟ್ಟಿಗೆ ಬರುತ್ತವೆ, ಆತುರದ ಒಂದು ಕ್ಲಿಕ್ಕಿಗೆ ಕೀಲಿಮಣೆಯ ಡ್ರೈವರ್ ಹೋಗಿ ವಿನ್‌ಯುಎಸ್‌ಬಿ ಬಂದು ಕೂರುತ್ತದೆ. ಆಮೇಲೆ ಟೈಪ್ ಮಾಡುವುದು ಯಾವುದರಿಂದ? ಬದಲಾವಣೆಯನ್ನು ಹಿಂದಕ್ಕೆ ತರುವ ಗುಂಡಿ ಝಾಡಿಗ್‌ನಲ್ಲಿ ಇಲ್ಲದಿರುವುದು ನನ್ನ ದೊಡ್ಡ ತಕರಾರು. ಡಿವೈಸ್ ಮ್ಯಾನೇಜರಿಗೆ ಹೋಗಿ, ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ತಂತ್ರಾಂಶವನ್ನೂ ಅಳಿಸು ಎಂಬ ಚೌಕಕ್ಕೆ ಗುರುತು ಹಾಕಿ, ಸಾಧನವನ್ನು ಕಿತ್ತು ಮತ್ತೆ ಜೋಡಿಸಬೇಕು. ಚೌಕವನ್ನು ಮರೆತರೆ ಭಂಡಾರದಲ್ಲಿ ಉಳಿದ ಅದೇ ಡ್ರೈವರ್ ಮತ್ತೆ ಬಂದು ಅಂಟಿಕೊಳ್ಳುತ್ತದೆ.

ಮ್ಯಾಕ್ ಮತ್ತು ಲಿನಕ್ಸ್ ಬಳಸುವವರಿಗೆ ಈ ಡ್ರೈವರ್ ಅಳವಡಿಕೆಯ ಪಾಡೇ ಇಲ್ಲ. ಲಿನಕ್ಸ್‌ನಲ್ಲಿ ಅನುಮತಿ ಇಲ್ಲವೆಂಬ ಸಂದೇಶ ಬಂದರೆ ಸಾಧನಗಳಿಗೆ ಅನುಮತಿ ಕೊಡುವ ಯುಡೆವ್ ನಿಯಮದ ಒಂದು ಕಡತ ಸಾಕು, ಅದರಲ್ಲಿಯೂ ಬರೆಯಬೇಕಾದದ್ದು ಅದೇ ತಯಾರಕರ ಸಂಖ್ಯೆ.

ನಮ್ಮ ಲ್ಯಾಬಿನಲ್ಲಿ ಈಗ ಪ್ರತಿ ಕಂಪ್ಯೂಟರಿನಲ್ಲೂ ಗೂಗಲ್ ಡ್ರೈವರ್ ಇದೆ, ಯುಎಸ್‌ಬಿಡಿವ್ಯೂ ನನ್ನ ಪೆನ್‌ಡ್ರೈವಿನಲ್ಲಿದೆ. ಝಾಡಿಗ್ ಬಾಗಿಲ ಪಕ್ಕದ ಒಂದೇ ಒಂದು ಕಂಪ್ಯೂಟರಿನಲ್ಲಿದೆ. ಅದಕ್ಕೆ ಜೋಡಿಸಿರುವ ಕೀಲಿಮಣೆ ಮತ್ತು ಮೌಸ್ ಹಳೆಯ ದುಂಡು ಪಿನ್ನಿನ ಪಿಎಸ್/2 ಬಗೆಯವು, ಯುಎಸ್‌ಬಿಯವಲ್ಲ.